ಸಿಲಿಂಡರ್ ಮೇಲಿನ ಹೆಸರು ಓದಿ ಒಳಗೆ ಹೋಗು

ಮಗಳೇ,

ಮಾಲೂರಿನ ಕಾರ್ಖಾನೆಯೊಂದರಲ್ಲಿ ಸರ್ವರ್ ರೂಮ್ ನೋಡಿಕೊಳ್ಳುವ ಕೆಲಸ ಸಿಕ್ಕಿತೆಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಸಂತೋಷ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ನರಸಾಪುರ, ವೇಮಗಲ್ ಕಡೆ ಕಂಪನಿ ಬಸ್ಸು ಹತ್ತುವ ಮಕ್ಕಳಲ್ಲಿ ನಿನ್ನಂಥವರು ಎಷ್ಟೋ ಜನ. ಅದಕ್ಕೇ ಇದನ್ನು ನಿನ್ನೊಬ್ಬಳಿಗೆ ಅಂಚೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಸಂಬಳ, ಪಿಎಫ್ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲೇ ತಲೆ ನೆರೆತ ನಾನು ಹೇಳುವುದು ಆ ರೂಮಿನ ಮೂಲೆಯಲ್ಲಿ ನಿಂತಿರುವ, ಬೆಂಕಿ ಆರಿಸುವ ಗ್ಯಾಸಿನ ಕೆಂಪು ಸಿಲಿಂಡರ್‌ಗಳ ವಿಷಯ.

ನಮ್ಮ ಸೀಮೆಯಲ್ಲಿ ಬತ್ತಿ ವರ್ಷಗಟ್ಟಲೆ ಪಾಳುಬಿದ್ದ ಬಾವಿಗೆ ಹೂಳೆತ್ತಲು ಇಳಿಯುವ ಮುಂಚೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಅದು 16ರ ಸುಮಾರಿಗೆ ಇಳಿದರೆ ದೀಪ ಆರುತ್ತದೆ, ಮನುಷ್ಯ ಇನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಾನೆ. ಬೆಂಕಿ ಆರುವುದಕ್ಕೂ ಮನುಷ್ಯ ಕುಸಿಯುವುದಕ್ಕೂ ನಡುವೆ ಇರುವ ಆ ಸಣ್ಣ ಅಂತರವನ್ನು ನಂಬಿಕೊಂಡೇ ನಿನ್ನ ರೂಮಿನ ಗ್ಯಾಸ್ ವ್ಯವಸ್ಥೆಯನ್ನೂ ಮಾಡಿದ್ದಾರೆ. ಅಂತರ ಎಷ್ಟು ಅನ್ನುವುದು ಯಾವ ಗ್ಯಾಸ್ ಅನ್ನುವುದರ ಮೇಲೆ ನಿಂತಿದೆ. ಮೊದಲ ದಿನವೇ ಸಿಲಿಂಡರ್ ಮೇಲಿನ ಹೆಸರು ಓದು.

ಇನರ್ಜೆನ್ ಎಂದಿದ್ದರೆ ಅದು ನೈಟ್ರೋಜನ್ 52, ಆರ್ಗಾನ್ 40, ಕಾರ್ಬನ್ ಡೈಆಕ್ಸೈಡ್ 8 ಭಾಗದ ಮಿಶ್ರಣ. ರೂಮಿನ ಆಮ್ಲಜನಕವನ್ನು 12.5ರ ಆಸುಪಾಸಿಗೆ ಇಳಿಸುತ್ತದೆ. ಆ ಎಂಟು ಭಾಗ ಇಟ್ಟಿರುವುದೇ ನೀನು ಜೋರಾಗಿ ಉಸಿರೆಳೆಯಲಿ ಎಂದು. ಎಫ್‌ಎಂ-200 ಬೆಂಕಿಯ ಬಿಸಿಯನ್ನು ಹೀರುವ ಜಾತಿ. ಅದನ್ನು ನೂರಕ್ಕೆ 7-8 ಭಾಗ ತುಂಬುತ್ತಾರೆ, ಹೃದಯಕ್ಕೆ ತೊಂದರೆ ಕಾಣದ ಮಿತಿ 9. ಅಂದರೆ ಅಂತರ ಇದೆ, ಆದರೆ ಧಾರಾಳವಾಗೇನೂ ಇಲ್ಲ. ರೂಮಿನ ಅಳತೆ ತಪ್ಪಿದರೆ, ಆಮೇಲೆ ಯಾರೋ ಪಾರ್ಟಿಷನ್ ಹಾಕಿ ರೂಮು ಚಿಕ್ಕದು ಮಾಡಿದರೆ, ಅದೂ ಹೋಯಿತು. ಜೊತೆಗೆ ಉರಿ ತಾಗಿದಾಗ ಅದು ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಸುಡುವ ವಿಷ. ‘ಇದು ಸೇಫ್ ಗ್ಯಾಸ್’ ಎಂದು ಸೇಲ್ಸ್‌ನವರು ಹೇಳಿದರೆ, ಓಡಿ ಹೊರಬರುವಷ್ಟು ಹೊತ್ತಿಗೆ ಸೇಫ್ ಎಂದು ತಿಳಿದುಕೋ.

ಸಿಲಿಂಡರ್ ಮೇಲೆ ಕಾರ್ಬನ್ ಡೈಆಕ್ಸೈಡ್ (ಸಿಒಟು) ಎಂದಿದ್ದರೆ ಮಾತ್ರ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡು, ಹೊಸಬಳು ಎಂದು ಹಿಂಜರಿಯಬೇಡ. ಬೆಂಕಿ ಆರಿಸಲು ಅದು ಕನಿಷ್ಠ 34 ಭಾಗ ಬೇಕು. ಅಷ್ಟು ತುಂಬಿದ ರೂಮಿನಲ್ಲಿ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಅಲ್ಲಿ ಅಂತರವೇ ಇಲ್ಲ.

ನಮ್ಮ ತಾಲ್ಲೂಕು ಕೇಂದ್ರಗಳ ಸಣ್ಣ ಕಚೇರಿಗಳಲ್ಲಿ ಇಂಥ ವ್ಯವಸ್ಥೆ ಇರುವುದು ಕಡಿಮೆ. ಯುಪಿಎಸ್ ಪಕ್ಕ ಒಂದು 4.5 ಕೆಜಿಯ ಸಿಒಟು ಎಕ್ಸ್‌ಟಿಂಗ್ವಿಶರ್ ತೂಗುಹಾಕಿರುತ್ತಾರೆ. ಅದರ ಲೆಕ್ಕ ಯಾರೂ ಮಾಡುವುದಿಲ್ಲ. 4.5 ಕೆಜಿ ಎಂದರೆ ಸುಮಾರು ಎರಡೂವರೆ ಘನ ಮೀಟರ್ ಗ್ಯಾಸ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಪೂರ್ತಿ ಬಿಟ್ಟರೆ ನೂರಕ್ಕೆ ಹೆಚ್ಚುಕಡಿಮೆ 9 ಭಾಗ ಆಗುತ್ತದೆ. 4 ಭಾಗವೇ ಜೀವಕ್ಕೆ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಗೆರೆ ಹಾಕಿದೆ. ಬಾಗಿಲಲ್ಲಿ ನಿಂತು ಹೊಡಿ, ಹಿಂದಕ್ಕೆ ಸರಿ.

ಇಂಥ ಗ್ಯಾಸ್ ವ್ಯವಸ್ಥೆಗಳಿಂದ ಜನ ಸತ್ತಿರುವುದು ಬೆಂಕಿ ಬಿದ್ದಾಗ ಎಂದುಕೊಂಡಿದ್ದೀಯ? ಹೆಚ್ಚಿನದು ರಿಪೇರಿ ಮಾಡುವಾಗ. 1998ರ ಜುಲೈ 28ರಂದು ಅಮೆರಿಕದ ಐಡಹೊ ಪರಮಾಣು ಪ್ರಯೋಗಾಲಯದ ಒಂದು ಕಟ್ಟಡದಲ್ಲಿ ಬ್ರೇಕರ್‌ಗಳ ಕೆಲಸ ನಡೆದಿತ್ತು. ಸಿಒಟು ವ್ಯವಸ್ಥೆಯನ್ನು ಪ್ಯಾನೆಲ್‌ನಲ್ಲಿ ಆಫ್ ಮಾಡಿದ್ದರು, ಸಿಲಿಂಡರ್ ಕಡೆ ಬೀಗ ಹಾಕಿರಲಿಲ್ಲ. ಹೂಟರ್ ಕೂಗದೆ ಗ್ಯಾಸ್ ನುಗ್ಗಿತು. ಒಬ್ಬ ಸತ್ತ, ಹಲವರು ಸಾವಿನ ಬಾಗಿಲು ತಟ್ಟಿ ಬಂದರು. 2016ರ ಮಾರ್ಚ್ 13ರಂದು ಬ್ಯಾಂಕಾಕಿನ ಸಿಯಾಮ್ ಕಮರ್ಷಿಯಲ್ ಬ್ಯಾಂಕಿನ ನೆಲಮಾಳಿಗೆಯಲ್ಲಿ ಬೆಂಕಿ ಆರಿಸುವ ವ್ಯವಸ್ಥೆಯನ್ನೇ ಸುಧಾರಿಸುತ್ತಿದ್ದಾಗ ಅದು ಚಾಲೂ ಆಗಿ ಎಂಟು ಜನ ಹೋದರು. ಅಲ್ಲೆಲ್ಲೂ ಬೆಂಕಿಯೇ ಇರಲಿಲ್ಲ ನೋಡು. ಆದ್ದರಿಂದ ವಾರ್ಷಿಕ ನಿರ್ವಹಣೆಯ (ಎಎಂಸಿ) ಗುತ್ತಿಗೆಯವರು ಬಂದಾಗ, ಎಸಿ ಮೆಕ್ಯಾನಿಕ್ ಬಂದಾಗಲೂ, ‘ಪ್ಯಾನೆಲ್ ಮ್ಯಾನುವಲ್‌ಗೆ ಹಾಕಿದ್ದೀವಿ ಮೇಡಂ’ ಎಂದರೆ ಒಪ್ಪಬೇಡ. ಸಿಲಿಂಡರ್ ತಲೆಯಲ್ಲಿ ಗ್ಯಾಸ್ ಬಿಡುವ ಆಕ್ಟುವೇಟರ್ ಬಿಚ್ಚಿದ್ದನ್ನು ಕಣ್ಣಾರೆ ನೋಡು. ಕೆಲಸ ಮುಗಿದ ಮೇಲೆ ತಿರುಗಿ ಹಾಕಿದ್ದನ್ನೂ ನೋಡಿ ರಿಜಿಸ್ಟರ್‌ನಲ್ಲಿ ಬರೆದಿಡು.

ಹೂಟರ್ ಕೂಗಿದ ಮೇಲೆ ಸಾಮಾನ್ಯವಾಗಿ 30 ಸೆಕೆಂಡ್ ಸಿಗುತ್ತದೆ. ಲ್ಯಾಪ್‌ಟಾಪ್, ಚಪ್ಪಲಿ ಹುಡುಕಬೇಡ. ಗ್ಯಾಸ್ ತುಂಬಿಸಲು ಲಕ್ಷಗಟ್ಟಲೆ ಆಗುತ್ತದೆಂದು ಗ್ಯಾಸ್ ಬಿಡುವುದನ್ನು ತಡೆಯುವ ಅಬಾರ್ಟ್ ಗುಂಡಿ ಒತ್ತಿ ಹಿಡಿದು ಒಳಗೇ ನಿಲ್ಲುವವರಿದ್ದಾರೆ. ಆ ಉಳಿತಾಯ ಕಂಪನಿಯದು, ಶ್ವಾಸಕೋಶ ನಿನ್ನದು. ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲು ಅಲಾರಂ ಆದಾಗ ತಾನೇ ಬಿಟ್ಟುಕೊಳ್ಳುತ್ತದೋ, ಹೊರಕ್ಕೆ ತೆರೆಯುತ್ತದೋ, ಈ ವಾರವೇ ಪರೀಕ್ಷೆ ಮಾಡಿಸು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತರು. ಅಲ್ಲಿ ಇದ್ದದ್ದು ಗ್ಯಾಸ್ ಅಲ್ಲ, ಕೇಬಲ್ ಸುಟ್ಟ ಹೊಗೆ. ಆದರೆ ತುರ್ತು ದಾರಿ ಮುಚ್ಚಿದ್ದ ಕಥೆ ಎಲ್ಲ ಕಡೆಗೂ ಒಂದೇ.

ಒಳಗೆ ಯಾರಾದರೂ ಬಿದ್ದಿದ್ದರೆ ಉಸಿರಾಟದ ಸೆಟ್ ಇಲ್ಲದೆ ಹೋಗಬೇಡ, 112ಕ್ಕೆ ಫೋನ್ ಮಾಡು. ಬಾವಿಗಳಲ್ಲಿ ಒಬ್ಬನನ್ನು ಎತ್ತಲು ಹೋಗಿ ಇನ್ನಿಬ್ಬರು ಸಾಯುವುದು ಹೀಗೆಯೇ. ಏನಾಯಿತೆಂದು ಬಾಗಿಲು ತೆರೆದು ಇಣುಕಲೂಬೇಡ. ಹತ್ತು ನಿಮಿಷವಾದರೂ ಗ್ಯಾಸ್ ಒಳಗೆ ನಿಲ್ಲದಿದ್ದರೆ ಬೆಂಕಿ ಮತ್ತೆ ಹತ್ತಿಕೊಳ್ಳಬಹುದು. ಆಮೇಲೆ ಎಕ್ಸಾಸ್ಟ್ ಹಾಕಿಸಿ, ಆಮ್ಲಜನಕವನ್ನೂ ಆ ಗ್ಯಾಸನ್ನೂ ಅಳೆಯುವ ಮೀಟರ್ ಹಿಡಿದವರು ಮೊದಲು ಹೋಗಲಿ. ಎಫ್‌ಎಂ-200, ಸಿಒಟು ಎರಡೂ ಗಾಳಿಗಿಂತ ಭಾರ. ರೂಮು ತಿಳಿಯಾದ ಮೇಲೂ ಫಾಲ್ಸ್ ಫ್ಲೋರ್ ಕೆಳಗೆ ಕೂತಿರುತ್ತವೆ. ಟೈಲ್ ಎತ್ತಿ ಕೇಬಲ್ ಎಳೆಯಲು ತಲೆ ತೂರಿಸುವ ಮುಂಚೆ ಮೀಟರನ್ನು ಅಲ್ಲಿಗೂ ಇಳಿಸಿ ನೋಡು.

ಇಂತಿ,
ನಿನ್ನ ದೊಡ್ಡಪ್ಪ