ಗಾಡಿ ಗೇರಿಗೆ ಬೀಳದಿದ್ದರೆ ಏನು ಮಾಡಬೇಕು?



ಬೆಳಿಗ್ಗೆ ಐದು ಗಂಟೆ. ಸಂತೆಗೆ ಹೋಗಬೇಕಾದ ತರಕಾರಿ ಮೂಟೆಗಳು ಓಮ್ನಿ ಗಾಡಿಯಲ್ಲಿ ತುಂಬಿವೆ. ಇಂಜಿನ್ ಚಾಲೂ ಆಯ್ತು, ಆದರೆ ಗೇರ್ ಬೀಳ್ತಾ ಇಲ್ಲ. ಒತ್ತಿ ಹಾಕಿದರೆ 'ಕರಕರ' ಶಬ್ದ. ಕರೆಸಿದ ಮೆಕ್ಯಾನಿಕ್ ಒಮ್ಮೆ ನೋಡಿ, "ಗೇರ್‌ಬಾಕ್ಸ್ ಇಳಿಸ್ಬೇಕಮ್ಮ, ತುಂಬಾ ಖರ್ಚಿದೆ" ಅಂತಾನೆ. ಆಗ ನೀವು ಏನು ಹೇಳ್ತೀರಿ?

ಗಾಡಿಯ ಮೇಲೆ ಸಂಘದ ಸಾಲ ಇದೆ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಒಬ್ಬಳು ಕಂತು ತಪ್ಪಿಸಿದರೆ ಎಲ್ಲರ ಮೇಲೂ ಭಾರ ಬೀಳುತ್ತದೆ. ಆದ್ದರಿಂದ ದೋಷ ಎಲ್ಲಿದೆ ಎಂದು ಕಂಡುಹಿಡಿಯುವಷ್ಟು ತಿಳುವಳಿಕೆ ನಮಗಿರಬೇಕು. ಮಾರುತಿ ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಹಳೇ ಗಾಡಿಗಳು ಇನ್ನೂ ದುಡಿಯುತ್ತಿವೆ. ಈ ಪಾಠ ಕೈಯಿಂದ ಗೇರ್ ಹಾಕುವ ಇಂಥ ಗಾಡಿಗಳಿಗೆ ಸಂಬಂಧಿಸಿದ್ದು.

ಕ್ಲಚ್ ಅಂದರೆ ಏನು?

ನಿಮ್ಮ ಎರಡು ಅಂಗೈಗಳನ್ನು ಒತ್ತಿ ಹಿಡಿದು ಒಂದನ್ನು ತಿರುಗಿಸಿ. ಇನ್ನೊಂದೂ ತಿರುಗುತ್ತದೆ. ಸ್ವಲ್ಪ ಬಿಡಿಸಿದರೆ ಒಂದು ಮಾತ್ರ ತಿರುಗುತ್ತದೆ. ಕ್ಲಚ್ ಕೆಲಸವೂ ಇಷ್ಟೇ. ಒಂದು ಅಂಗೈ ಇಂಜಿನ್, ಇನ್ನೊಂದು ಗೇರ್‌ಬಾಕ್ಸ್. ಪೆಡಲ್ ಒತ್ತಿದಾಗ ಎರಡೂ ಬೇರೆಯಾಗಬೇಕು, ಆಗ ಮಾತ್ರ ಗೇರಿನ ಹಲ್ಲುಗಳು ಸುಲಭವಾಗಿ ಕೂಡಿಕೊಳ್ಳುತ್ತವೆ. ಪೂರ್ತಿ ಬಿಡದಿದ್ದರೆ ಗೇರ್ ಬೀಳುವುದಿಲ್ಲ, ಶಬ್ದ ಬರುತ್ತದೆ. ಅಂದರೆ ಗೇರ್ ಬೀಳದಿರುವುದಕ್ಕೆ ಎಷ್ಟೋ ಸಲ ಕಾರಣ ಗೇರ್‌ಬಾಕ್ಸ್ ಅಲ್ಲ, ಕ್ಲಚ್.

ಮೊದಲು ಮಾಡಬೇಕಾದ ಪರೀಕ್ಷೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಡಿಯ ಎದುರು, ಹಿಂದೆ ಮಕ್ಕಳು ನಿಲ್ಲಬಾರದು. ಮೊದಲು ಇಂಜಿನ್ ಬಂದ್ ಇರುವಾಗ ಕ್ಲಚ್ ಪೂರ್ತಿ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ. ಆಮೇಲೆ ನ್ಯೂಟ್ರಲ್‌ಗೆ ತಂದು, ಇಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಅದನ್ನೇ ಮಾಡಿ. ಬಲಾತ್ಕಾರ ಬೇಡ.

1. ಬಂದ್ ಇರುವಾಗ ಗೇರ್ ಬೀಳುತ್ತದೆ, ಚಾಲೂ ಇರುವಾಗ ಬೀಳುವುದಿಲ್ಲ: ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೆಚ್ಚಾಗಿ ಕಾಣುವ ದೋಷ ಇದೇ.

2. ಬಂದ್ ಇರುವಾಗಲೂ ಯಾವ ಗೇರೂ ಬೀಳುವುದಿಲ್ಲ: ಗೇರ್ ಕಡ್ಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ರಾಡ್, ಕೇಬಲ್ ಅಥವಾ ಬುಷ್ ಸವೆದಿರಬಹುದು, ಕಳಚಿರಬಹುದು. ಅದು ಸರಿ ಇದ್ದರೆ ಮಾತ್ರ ಗೇರ್‌ಬಾಕ್ಸಿನ ಒಳಗೆ ನೋಡಬೇಕು.

3. ಒಂದೇ ಒಂದು ಗೇರ್ ಮಾತ್ರ ತೊಂದರೆ ಕೊಡುತ್ತದೆ: ದೋಷ ಗೇರ್‌ಬಾಕ್ಸಿನ ಒಳಗೇ ಇರಬಹುದು. ಆದರೆ ರಿವರ್ಸ್ ಗೇರ್ ಮಾತ್ರ ಕರಕರ ಅಂದರೆ ಗಾಬರಿ ಬೇಡ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಎರಡು ಮೂರು ಸೆಕೆಂಡು ಕಾದು ಹಾಕಿ.

4. ಗೇರ್ ಬೀಳುತ್ತದೆ, ಗಾಡಿ ಮಾತ್ರ ಏಳುವುದಿಲ್ಲ: ಇಂಜಿನ್ ಬೊಬ್ಬೆ ಹಾಕುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದು ಕ್ಲಚ್ ಪ್ಲೇಟ್ ಸವೆದ ಲಕ್ಷಣ.

ಕ್ಲಚ್ ಬಿಡದಿದ್ದರೆ ಎಲ್ಲಿ ನೋಡಬೇಕು?

ಮೊದಲು ಪೆಡಲಿನ ಕೆಳಗೆ ಬಗ್ಗಿ ನೋಡಿ. ಮ್ಯಾಟ್ ಮಡಚಿಕೊಂಡಿದ್ದರೆ, ಬಾಟಲಿ ಉರುಳಿ ಸಿಕ್ಕಿಕೊಂಡಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ನಗಬೇಡಿ, ಹೀಗೂ ಆಗುತ್ತದೆ!

ಓಮ್ನಿಯಲ್ಲಿ ಕ್ಲಚ್ಚಿಗೆ ಕೇಬಲ್ ಇದೆ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಆರಂಭದಲ್ಲಿ ಸ್ವಲ್ಪ ದೂರ ಸಡಿಲವಾಗಿ ಹೋಗಿ ಆಮೇಲೆ ಗಟ್ಟಿಯಾಗಬೇಕು. ಈ ಸಡಿಲು ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಸಡಿಲು ಹೆಚ್ಚಾದರೆ ಕ್ಲಚ್ ಬಿಡುವುದಿಲ್ಲ. ಕೇಬಲಿನ ತುದಿಯ ನಟ್ಟು ತಿರುಗಿಸಿ ಇದನ್ನು ಸರಿಮಾಡುತ್ತಾರೆ, ಅದು ಸ್ವಲ್ಪ ಹೊತ್ತಿನ ಕೆಲಸ. ಆದರೆ ಸಡಿಲೇ ಇಲ್ಲದಂತೆ ಬಿಗಿ ಮಾಡಿಸಬೇಡಿ, ಪ್ಲೇಟ್ ಬೇಗ ಸವೆಯುತ್ತದೆ. ಕೇಬಲಿನ ಎಳೆಗಳು ಬಿಚ್ಚಿಕೊಂಡಿದ್ದರೆ ಹೊಸತು ಹಾಕಿಸಿ. ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಕೆಲವು ಬೇರೆ ಗಾಡಿಗಳಲ್ಲಿ ಕೇಬಲಿನ ಬದಲು ಎಣ್ಣೆಯ ಒತ್ತಡದಿಂದ ಕ್ಲಚ್ ಕೆಲಸ ಮಾಡುತ್ತದೆ. ಪೆಡಲ್ ಮೆತ್ತಗಾಗಿ ಕೆಳಗೇ ಉಳಿದರೆ ಎಣ್ಣೆ ಸೋರಿದೆ ಅಥವಾ ಗಾಳಿ ಸೇರಿದೆ ಎಂದರ್ಥ. ಡಬ್ಬಿಯ ಮುಚ್ಚಳದಲ್ಲಿ ಬರೆದಿರುವ ಬ್ರೇಕ್ ಎಣ್ಣೆಯನ್ನೇ ಹಾಕಬೇಕು. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಊದಿ ಹಾಳಾಗುತ್ತದೆ. ಎಣ್ಣೆ ತುಂಬಿಸಿದರೆ ಮಾತ್ರ ಸಾಲದು, ಸೋರುವ ಜಾಗವನ್ನೂ ಸರಿಮಾಡಿಸಬೇಕು.

ಗ್ಯಾರೇಜಿನಲ್ಲಿ ಹೀಗೆ ಹೇಳಿ

"ಇಂಜಿನ್ ಬಂದ್ ಇರುವಾಗ ಗೇರ್ ಬೀಳ್ತದೆ, ಚಾಲೂ ಇರುವಾಗ ಬೀಳಲ್ಲ. ಮೊದ್ಲು ಕೇಬಲ್ ನೋಡಿ." ಈ ಎರಡು ಮಾತು ಸಾಕು, ಎದುರಿನವರಿಗೆ ನಿಮಗೆ ವಿಷಯ ಗೊತ್ತಿದೆ ಎಂದು ತಿಳಿಯುತ್ತದೆ. ಪ್ರಾಮಾಣಿಕ ಮೆಕ್ಯಾನಿಕ್‌ಗೂ ಇದರಿಂದ ಕೆಲಸ ಹಗುರ. ಖರ್ಚಿನ ಅಂದಾಜು ಮೊದಲೇ ಬರೆಸಿಕೊಳ್ಳಿ. ಬದಲಾಯಿಸಿದ ಹಳೇ ಸಾಮಾನು ಕೇಳಿ ಪಡೆಯಿರಿ. ಬಿಲ್ಲು ತಂದು ಸಂಘದ ಲೆಕ್ಕದಲ್ಲಿ ತಾರೀಕು ಹಾಕಿ ಬರೆಯಿರಿ.

ನೆನಪಿಡಿ

• ಗಾಡಿ ಓಡುವಾಗ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ.
• ಗೇರ್‌ಬಾಕ್ಸ್ ಎಣ್ಣೆಯ ಮಟ್ಟವನ್ನು ಸರ್ವಿಸ್ ಸಮಯದಲ್ಲಿ ನೋಡಿಸಿ.
• ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿ.
• ಕೇಬಲ್ ದಾರಿಯಲ್ಲಿ ತುಂಡಾದರೆ ಓಡಿಸುವ ಸಾಹಸ ಬೇಡ, ಬದಿಗೆ ತಳ್ಳಿ ಸಹಾಯ ಕರೆಯಿರಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಗಾಡಿ ಇರುವವರು ರಿಪೇರಿಗಾಗಿ ಪ್ರತಿ ತಿಂಗಳು ಸ್ವಲ್ಪ ಹಣ ತೆಗೆದಿಡುತ್ತಿದ್ದಾರಾ?
2. ಗೊತ್ತಿಲ್ಲದ್ದರಿಂದ ಹೆಚ್ಚು ಹಣ ಕೊಟ್ಟ ಅನುಭವ ಯಾರಿಗಾದರೂ ಇದೆಯಾ? ನಾಚಿಕೆ ಬಿಟ್ಟು ಹೇಳಿ, ಬೇರೆಯವರಿಗೆ ಪಾಠವಾಗುತ್ತದೆ.
3. ಮುಂದಿನ ಸಭೆಗೆ ಒಂದು ಗಾಡಿ ತರಿಸಿ. ಇಂಜಿನ್ ಬಂದ್ ಮಾಡಿ, ಓಡಿಸಲು ಬಾರದವರೂ ಕೂತು ಕ್ಲಚ್ ಒತ್ತಿ ಗೇರ್ ಹಾಕಿ ನೋಡಿ. ಕೇಳಿದ್ದು ಮರೆತರೂ ಮಾಡಿದ್ದು ಮರೆಯುವುದಿಲ್ಲ.