ಮೈನೆರೆಯುವ ಮುನ್ನ ಹೇಳತಕ್ಕ ಪಾಠ



ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಹುಡುಗಿಯು ಮೈನೆರೆದಳೆಂದರೆ ನೆಂಟರಿಗೆ ಹೇಳಿಕಳುಹಿಸುವರು, ಆರತಿ ಮಾಡುವರು, ಚಿಗಳಿ, ಕೊಬ್ಬರಿ, ಬೆಲ್ಲಗಳನ್ನು ತಿನ್ನಿಸುವರು. ಊರಿಗೆಲ್ಲ ತಿಳಿಯುವ ಈ ಸಂಗತಿಯು ಏನೆಂಬುದನ್ನು ಆ ಹುಡುಗಿಗೆ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅವಳಾದರೋ ಮೊದಲ ದಿನ ರಕ್ತವನ್ನು ಕಂಡು, ಕೆಟ್ಟ ರೋಗವು ತಗಲಿತೆಂದು ಅಂಜಿ ಮೂಲೆ ಸೇರುವಳು. ಆದಕಾರಣ ಈ ಪಾಠವು ಆ ದಿನಕ್ಕೆ ಮುಂಚಿತವಾಗಿಯೇ ಆಗತಕ್ಕದ್ದು. ಹೆಚ್ಚಿನವರು 12-13ನೆಯ ವಯಸ್ಸಿನಲ್ಲಿ ಮೈನೆರೆಯುವರು. 9-10ರಲ್ಲಿ ಆಗುವವರೂ ಉಂಟು. ಹೈಸ್ಕೂಲು ಸೇರಿದ ಮೇಲೆ ಹೇಳಿದರಾಯಿತೆಂಬುದು ತಡವಾದ ಮಾತು. ಊರ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಉಪಾಧ್ಯಾಯಿನಿಯೂ, ಮನೆಯಲ್ಲಿ ತಾಯಿಯೂ ಬಾಯಿ ತೆರೆಯಬೇಕು.

ಹೇಳುವುದೇನೂ ಕಠಿನವಲ್ಲ. ಗರ್ಭಕೋಶವು ಕೂಸನ್ನು ಹೊರುವುದಕ್ಕಾಗಿ ತಿಂಗಳು ತಿಂಗಳು ಒಳಗೆ ಮೆತ್ತನೆಯ ಪೊರೆಯೊಂದನ್ನು ಬೆಳೆಸುವುದು; ಗರ್ಭವು ನಿಲ್ಲದಿದ್ದರೆ ಆ ಪೊರೆಯು ಕಳಚಿ ರಕ್ತದೊಡನೆ ಹೊರಬೀಳುವುದು. ಇದು ಕೆಟ್ಟ ರಕ್ತವಲ್ಲ. ಕೈಕಾಲುಗಳಲ್ಲಿ ಹರಿಯುವ ರಕ್ತವೇ ಆಗಿದೆ. 2ರಿಂದ 7 ದಿನಗಳವರೆಗೆ ಇರುವುದುಂಟು. ಮೊದಲ ಒಂದೆರಡು ವರ್ಷ ದಿನಗಳು ಏರುಪೇರಾದರೆ ಗಾಬರಿಗೊಳ್ಳಬೇಕಾಗಿಲ್ಲ.

ಚಿತ್ರದುರ್ಗ, ತುಮಕೂರು ಸೀಮೆಗಳ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗೆ ಇರಿಸುವ ವಾಡಿಕೆಯನ್ನು ನಾವು ಕೇಳಿದ್ದೇವೆ. ಹಾಗೆ ಬಲವಂತದಿಂದ ಹೊರಗಿರಿಸುವುದನ್ನು ಕರ್ನಾಟಕದ 2017ರ ಕಾಯಿದೆಯು ನಿಷೇಧಿಸಿದೆ. ಆದರೆ ಅವರನ್ನು ಹೀಗಳೆಯುವ ಮುನ್ನ ನಾವು ನಮ್ಮ ಸತ್ಯವೇದದ ಯಾಜಕಕಾಂಡವನ್ನು ತೆರೆದು ನೋಡುವುದು ಒಳ್ಳೆಯದು. ಅಲ್ಲಿಯೂ ಏಳು ದಿನಗಳ ಮೈಲಿಗೆಯುಂಟು. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಜನರ ಗುಂಪಿನಲ್ಲಿ ಹಿಂದಿನಿಂದ ಬಂದು ಉಡುಪನ್ನು ಮುಟ್ಟಿದಾಗ ಕರ್ತನು ಅವಳನ್ನು ಗದರಿಸಲಿಲ್ಲ, ಮಗಳೆಂದು ಕರೆದನು. ನಮ್ಮ ಮನೆಗಳಲ್ಲಿ ಎಷ್ಟು ತಾಯಂದಿರು ಆ ದಿನಗಳಲ್ಲಿ ಮಗಳನ್ನು ಹಾಗೆ ಹತ್ತಿರ ಕರೆಯುತ್ತಾರೆ?

ಬಟ್ಟೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 24 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಬಟ್ಟೆಯನ್ನು ಬಳಸುತ್ತಿದ್ದರು. ಬಟ್ಟೆಯಲ್ಲಿ ದೋಷವಿಲ್ಲ, ಅದನ್ನು ಬಚ್ಚಿಡುವುದರಲ್ಲಿದೆ. ಗಂಡಸರ ಕಣ್ಣಿಗೆ ಬೀಳಬಾರದೆಂದು ಮಂಚದ ಅಡಿಯಲ್ಲಿಯೋ, ಸೀರೆಯ ಮರೆಯಲ್ಲಿಯೋ ಒಣಹಾಕಿದ ಬಟ್ಟೆಯು ಪೂರ್ತಿ ಆರುವುದೇ ಇಲ್ಲ. ಮಳೆಗಾಲದ ಮಲೆನಾಡಿನಲ್ಲಂತೂ ಕೇಳಲೇಬೇಡಿ. ಅಂಥದನ್ನು ಉಟ್ಟರೆ ತುರಿಕೆ, ಹುಣ್ಣು, ಸೋಂಕುಗಳಿಗೆ ದಾರಿಯಾಗುವುದು. ಹತ್ತಿಯ ಬಟ್ಟೆಯನ್ನು ಸಾಬೂನು ಹಚ್ಚಿ ಒಗೆದು, ಬಿಸಿಲಿನಲ್ಲಿ ಎಲ್ಲ ಬಟ್ಟೆಗಳಂತೆಯೇ ಹರಡಬೇಕು. ಶುಚಿ ಯೋಜನೆಯ ಪ್ಯಾಡುಗಳಾದರೂ 4-6 ಗಂಟೆಗೊಮ್ಮೆ ಬದಲಿಸತಕ್ಕವು. ಅದಕ್ಕೆ ಶಾಲೆಯಲ್ಲಿ ನೀರೂ, ಅಗುಳಿಯುಳ್ಳ ಬಾಗಿಲೂ, ಬಳಸಿದ್ದನ್ನು ಹಾಕುವ ಮುಚ್ಚಳದ ಬುಟ್ಟಿಯೂ ಇಲ್ಲದಿದ್ದರೆ ಹುಡುಗಿಯು ಆ ದಿನಗಳಲ್ಲಿ ಮನೆಯಲ್ಲಿಯೇ ಉಳಿಯುವಳು. ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತಿರುವ ತಂದೆಗಳು ಕಾಂಪೌಂಡಿನ ಬಣ್ಣವನ್ನು ಚರ್ಚಿಸುವುದಕ್ಕಿಂತ ಮೊದಲು ಈ ಅಗುಳಿಯನ್ನು ನೋಡಿಬರಲಿ.

ಅದೇ ಸಮೀಕ್ಷೆಯಲ್ಲಿ 15-19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆಯಿತ್ತು. ಇಂಥ ಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಊಟವನ್ನು ಕಡಿಮೆ ಮಾಡುವುದು ಅನ್ಯಾಯವಲ್ಲವೇ? ರಾಗಿ, ಹುರುಳಿ, ಸೊಪ್ಪು, ಮೊಟ್ಟೆ ಬೇಕು. ಸಾರಿಗೆ ನಿಂಬೆ ಹಿಂಡಿದರೆ ಕಬ್ಬಿಣಾಂಶವು ಮೈಗೆ ಹತ್ತುವುದು, ಊಟದೊಡನೆ ಚಹ ಕುಡಿದರೆ ಕುಗ್ಗುವುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಕಿಟಕಿಯಿಂದ ಎಸೆಯದಂತೆ ನೋಡಿಕೊಳ್ಳತಕ್ಕದ್ದು.

ನೋವು ತಕ್ಕಮಟ್ಟಿಗೆ ಇರುವುದೇ; ಬಿಸಿನೀರಿನ ಶಾಖವು ಹಿತ. ಆದರೆ ಶಾಲೆ ಬಿಡುವಷ್ಟು ನೋವಿದ್ದರೆ, ಗಂಟೆ ಎರಡು ಗಂಟೆಗೆ ಬಟ್ಟೆಯು ತೊಯ್ದುಹೋಗುತ್ತಿದ್ದರೆ, ಏಳು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ ಡಾಕ್ಟರಲ್ಲಿಗೆ ಕರೆದೊಯ್ಯಬೇಕು. ಹೋಗುವಾಗ, ಮುಟ್ಟಿನ ದಿನಗಳನ್ನು ಗುರುತು ಹಾಕಿದ ಗೋಡೆಯ ಕ್ಯಾಲೆಂಡರನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.