ಕಾಸ್ಮೋಸ್ ಬ್ಯಾಂಕ್ ದಾಳಿ ಮತ್ತು ಎಥಿಕಲ್ ಹ್ಯಾಕಿಂಗ್ ತರಬೇತಿ

2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಕಣ್ಮರೆಯಾಯಿತು.

ಪರೀಕ್ಷಾರ್ಥಿಗಳು ಮುಖ್ಯವಾಗಿ ತಿಳಿಯಬೇಕಾದದ್ದು ದಾಳಿಯ ವಿಧಾನ. ಎಟಿಎಂಗೆ ಕಾರ್ಡ್ ಹಾಕಿದಾಗ ಕೋರಿಕೆಯು ‘ಸ್ವಿಚ್’ ಎಂಬ ವ್ಯವಸ್ಥೆಯ ಮೂಲಕ ಬ್ಯಾಂಕಿಗೆ ಹೋಗಿ, ಖಾತೆಯಲ್ಲಿ ಹಣವಿದೆಯೇ ಎಂದು ಕೇಳುತ್ತದೆ. ಮಾಲ್‌ವೇರ್ ನುಗ್ಗಿಸಿದ ದಾಳಿಕೋರರು ನಡುವೆ ನಕಲಿ ಸ್ವಿಚ್ ಕೂರಿಸಿದರು. ಕೋರಿಕೆಗಳು ಖಾತೆಗಳ ಲೆಕ್ಕವಿರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯನ್ನು ಮುಟ್ಟಲೇ ಇಲ್ಲ; ನಕಲಿ ಸ್ವಿಚ್ಚೇ ಒಪ್ಪಿಗೆ ಕೊಡುತ್ತಾ ಹೋಯಿತು. ತದ್ರೂಪಿ ಕಾರ್ಡ್‌ಗಳಿಂದ 28 ದೇಶಗಳಲ್ಲಿ ನಗದು ಹೊರಬಂತು. 13ರಂದು ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಇನ್ನೂ 13.92 ಕೋಟಿ ಹಾಂಗ್‌ಕಾಂಗ್ ಸೇರಿತು. 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು.

ಭದ್ರತೆಯಲ್ಲಿನ ಇಂಥ ಬಿರುಕನ್ನು ಕಳ್ಳನಿಗಿಂತ ಮೊದಲೇ ಹುಡುಕುವ ಎಥಿಕಲ್ ಹ್ಯಾಕರ್‌ಗಳು ಬೇಕೇ ಬೇಕು. ದಾಳಿಕೋರನಂತೆ ನುಗ್ಗಿ ನೋಡುವುದು ರೆಡ್ ಟೀಮ್, ತಡೆಯುವುದು ಬ್ಲೂ ಟೀಮ್. ಇಂಥ ತರಬೇತಿಗೆ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸರ್ಕಾರಿ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್, ಐಟಿ ಮೂಲಸೌಕರ್ಯ ಮತ್ತು ಭದ್ರತೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ.

ಆದರೆ ಹೀಗೆ ನುಗ್ಗಿ ನೋಡಲು ವ್ಯವಸ್ಥೆಯ ಮಾಲೀಕರ ಅನುಮತಿ ಕಡ್ಡಾಯ. ಅದಿಲ್ಲದೆ ದುರುದ್ದೇಶದಿಂದ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಥವಾ ಎರಡೂ. ಸೈಬರ್ ಘಟನೆಗಳನ್ನು ನಿಭಾಯಿಸುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್; ಅದಕ್ಕೆ ಆಧಾರ ಇದೇ ಕಾಯ್ದೆಯ ಸೆಕ್ಷನ್ 70ಬಿ.